ಬೆಳಗಾದರೆ ಶುಕ್ರವಾರ

2 ಜನವರಿ 2009, ಶುಕ್ರವಾರ. ಬೆಳಗ್ಗೆ 8.40, ಬಸ್ಸಿನಲ್ಲಿ

ಕಿಟಕಿ ಪಕ್ಕ ಸೀಟು ಸಿಕ್ಕಿದೆ. ದೇವನಹಳ್ಳಿ ಬರುವವರೆಗೆ ಬರೆಯಬಹುದು.

ಇವತ್ತೂ ಒಂದೂವರೆ ಗಂಟೆಯೇ. ಆರೂಮುಕ್ಕಾಲಿಗೆ ಹರಿ ನೈಟ್ ಡ್ಯೂಟಿ ಮುಗಿಸಿ ಬಂದ, ಎಂಟೂಕಾಲಿಗೆ ನಾನು ಹೊರಟೆ. ನಡುವೆ ಕಾಫಿ, ಸ್ನಾನ, ಅತ್ತೆಯ ಚಿತ್ರಾನ್ನ, ಅತ್ತೆ ಹಿತ್ತಲಿಗೆ ಹೋದಾಗ ಸಿಕ್ಕ ಐದು ನಿಮಿಷ... ಅದನ್ನು ಬರೆಯುವುದಿಲ್ಲ. ಹೊಸ ಮದುವೆ. ಒಬ್ಬರಿಗೆ ರಾತ್ರಿ ಕೆಲಸ, ಒಬ್ಬರಿಗೆ ಹಗಲು. ಇಂಥ ಐಡಿಯಾ ಯಾರದ್ದು ಅಂತ ಬೈಯೋಣವೆಂದರೆ, ನಮ್ಮದೇ.

ಹೂವಿನ ಕಂಪನಿಗೆ ನಮ್ಮ ಆಫೀಸು ಸಾಫ್ಟ್‌ವೇರ್ ಮಾಡುತ್ತಿದೆ. ನಾನು ಅದಕ್ಕೆ ಮ್ಯಾನುಯಲ್ ಬರೆಯುವವಳು. ಹೋದ ಏಪ್ರಿಲ್‌ನಲ್ಲಿ ಸಾಸಲು ಕಡೆ ಅವರ ಪ್ಯಾಕಿಂಗ್ ಶೆಡ್ ನೋಡಲು ಹೋದೆ. ಗುಲಾಬಿ ಯಾವಾಗ ಕೊಯ್ಯುತ್ತಾರೆ, ಏರ್‌ಪೋರ್ಟಿಗೆ ಗಾಡಿ ಯಾವಾಗ ಹೊರಡುತ್ತದೆ ಎಂದು ತೋರಿಸಿದವನು ಅಲ್ಲಿನ ನೈಟ್ ಸೂಪರ್‌ವೈಸರ್ ಹರಿಪ್ರಸಾದ್. ಕೋಲ್ಡ್ ರೂಮಿನಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ತನ್ನ ಜಾಕೆಟ್ ತೆಗೆದು ಕೊಟ್ಟ. ಡಿಸೆಂಬರ್‌ನಲ್ಲಿ ಧಾರೆ.

ನಮ್ಮ ಮ್ಯಾನೇಜರ್ ಕಾಂತರಾಜು ಸರ್ ಮಾತ್ರ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಮದುವೆ ಕಾರ್ಡಿನ ಕನ್ನಡದ ಕಡೆ ಎಲ್ಲ ಸರಿಯಾಗಿತ್ತು. ಇಂಗ್ಲಿಷ್ ಕಡೆ ನಮ್ಮ ಚಿಕ್ಕಪ್ಪ ಪ್ರೆಸ್ಸಿನವನಿಗೆ ಹೇಳಿ ಹಾಕಿಸಿದ್ದು ‘ಗುರುವಾರ 4.30 ಎ.ಎಂ.’ ಅಷ್ಟೇ. ಸರ್ ಇಂಗ್ಲಿಷ್ ಕಡೆ ಓದಿದರು. ಒಂದು ದಿನ ಮುಂಚೆ ಬಂದರು. ಕತ್ತಲಲ್ಲಿ ಬೀಗ ಹಾಕಿದ ಛತ್ರ, ವಾಚ್‌ಮನ್, ಎರಡು ನಾಯಿ. ಗಿಫ್ಟನ್ನು ವಾಚ್‌ಮನ್ ಕೈಗೆ ಕೊಟ್ಟು ಹೋದರಂತೆ. ಗೋಡೆ ಗಡಿಯಾರ. ಈಗ ನಮ್ಮ ಅಡುಗೆಮನೆಯಲ್ಲಿದೆ. ನೋಡಿದಾಗೆಲ್ಲ ನಗು.

ಸ್ಟಾಪ್ ಬಂತು.

4 ಜನವರಿ, ಭಾನುವಾರ

ಹರಿ ಬೆಳಗ್ಗೆ ಆರು ಗುಲಾಬಿ ತಂದ. ಕತ್ತು ಬಾಗಿದವು, ಎಕ್ಸ್‌ಪೋರ್ಟಿಗೆ ಆಗದವು. ಆದರೂ ಎಂಥ ಕೆಂಪು.

“ತಿಂಗಳಾಯ್ತಲ್ಲ” ಅಂದ.

ಕರಗಿಹೋಗಬೇಕಿತ್ತು. ಆದರೆ ತಿಂಗಳಾಗುವುದು ನಾಳೆ, ಐದಕ್ಕೆ. ನಮ್ಮ ಧಾರೆಯಾದದ್ದು ಐದನೇ ತಾರೀಖು ಶುಕ್ರವಾರ ಬೆಳಗಿನ ಜಾವ ನಾಲ್ಕೂವರೆಗೆ. ನಾನೂ ಅಲ್ಲೇ ಇದ್ದೆ, ಅಂತರಪಟದ ಈ ಕಡೆ. ಹಾಗಂದೆ. “ನಾಲ್ಕಲ್ವಾ?” ಅಂದ, ಷೂ ಕೂಡ ಬಿಚ್ಚದೆ ಮಲಗಿಬಿಟ್ಟ.

ಒಂದೇ ತಿಂಗಳಿಗೆ ಮದುವೆ ತಾರೀಖು ಮರೆಯುವ ಗಂಡ. ಹೂವನ್ನು ಚೊಂಬಿಗೆ ಹಾಕಿದೆ. ಕೋಪದಲ್ಲಿಯೇ ಹಾಕಿದೆ. ಸುಂದರವಾಗಿ ಕಾಣುತ್ತಿದೆ, ಅದಕ್ಕೂ ಕೋಪ.

7 ಜನವರಿ, ಬುಧವಾರ. ಆಫೀಸು, ಊಟದ ಹೊತ್ತು

ನನಗೆ ಕೊಟ್ಟಿರುವ ಕೆಲಸ: ನಮ್ಮ ಡೇಟಾಬೇಸ್ ಯಾವ ಯಾವ ರೂಪದಲ್ಲಿ ತಾರೀಖು, ಸಮಯ ಒಪ್ಪುತ್ತದೆ ಎಂದು ಬರೆಯುವುದು. “ಯಾರೂ ಓದಲ್ಲಮ್ಮ, ಆದ್ರೂ ಇರ್ಬೇಕು” ಎಂದರು ಕಾಂತರಾಜು ಸರ್. ಹುಮ್ಮಸ್ಸು ಕೊಡುವ ರೀತಿಯೇ ಬೇರೆ.

ಆದರೆ ಮಜಾ ಇದೆ. ಒಂದೊಂದೇ ಟೈಪ್ ಮಾಡಿ ನೋಡುತ್ತಿದ್ದೇನೆ. 2009-01-07 ಒಪ್ಪುತ್ತದೆ. 07-JAN-2009 ಒಪ್ಪುತ್ತದೆ. 07/01/2009 ಕೊಟ್ಟರೆ ಒಂದು ಸಲ ಜನವರಿ ಏಳು, ಸೆಟ್ಟಿಂಗ್ ಬದಲಿಸಿದರೆ ಜುಲೈ ಒಂದು — ನಂಬಬಾರದ ಮನುಷ್ಯನ ಹಾಗೆ. ಮಧ್ಯಾಹ್ನ ಎರಡೂವರೆಗೆ 14:30 ಆದೀತು, 2:30 PM ಕೂಡ ಆದೀತು. ಫೆಬ್ರವರಿ 30 ಕೊಟ್ಟೆ, ಬಾಗಿಲಲ್ಲೇ ನಿಲ್ಲಿಸಿತು. ತಾರೀಖಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ನಿನ್ನೆ’ ಎಂದು ಬರೆದರೂ ತಿಳಿಯುತ್ತದೆ. ‘ನಾಳೆ’ಯೂ. ‘ಅನಂತ’ ಎಂದರೂ ಸರಿಯಂತೆ. ಕ್ರಿಸ್ತಪೂರ್ವ 4713ರಲ್ಲಿ ಕೊಯ್ದ ಗುಲಾಬಿಯನ್ನು ಎಂಟ್ರಿ ಮಾಡಿದೆ. ಕಮಕ್ ಕಿಮಕ್ ಅನ್ನದೆ ತೆಗೆದುಕೊಂಡಿತು.

‘ನಿನ್ನೆ ರಾತ್ರಿ’ ಎಂದು ಕೊಟ್ಟು ನೋಡಿದೆ. ಎರರ್.

12 ಜನವರಿ, ಸೋಮವಾರ

ಪೇಜು ಮುಗಿಯಿತು. ಕೊನೆಯಲ್ಲಿ ನನ್ನ ಹೆಸರು, ಮದುವೆಯಾದ ಮೇಲಿನ ಹೊಸ ಇನಿಷಿಯಲ್ ಸಹಿತ. ಮೊದಲ ಸಾಲನ್ನು ಮೂರು ಸಲ ತಿದ್ದಿದೆ: ದಿನವು 00:00ಕ್ಕೆ ಆರಂಭವಾಗುತ್ತದೆ, ಅದರ ನಂತರದ ಪ್ರತಿ ಸಮಯವೂ ಹೊಸ ತಾರೀಖಿಗೆ ಸೇರಿದ್ದು. ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿದೆ. ಸರ್ ‘ಕ್ಲೀನ್’ ಅಂದರು. ಅವರ ಬಾಯಲ್ಲಿ ಅದು ಪದ್ಮಶ್ರೀ.

ಹೂವಿನ ಕಂಪನಿಯ ಮ್ಯಾನೇಜರ್ ಗೋಪಾಲಪ್ಪನವರಿಗೆ ಮೇಲ್ ಹೋಯಿತು. ಇವತ್ತಿನಿಂದ ಅಲ್ಲಿಯೂ ಎಲ್ಲ ಕಂಪ್ಯೂಟರಿನಲ್ಲಿ. ಕೊಯ್ಲಿನ ಲೆಕ್ಕ ಹಗಲಿನವರು ಹಾಕುತ್ತಾರೆ. ರಾತ್ರಿ ಕಂಪ್ಯೂಟರ್ ರೂಮಿಗೆ ಬೀಗ. ಗಾಡಿ ಹೊರಟ ತಾರೀಖು, ಸಮಯ ಹರಿ ಚೀಟಿಯಲ್ಲಿ ಬರೆದಿಡಬೇಕು, ಬೆಳಗ್ಗೆ ಬರುವ ಹುಡುಗಿ ಇದ್ದ ಹಾಗೆಯೇ ಟೈಪ್ ಮಾಡುತ್ತಾಳೆ.

ನನ್ನ ಪೇಜನ್ನು ನನ್ನ ಗಂಡನೇ ಪಾಲಿಸುತ್ತಾನೆ! ಇದಕ್ಕಿಂತ ರೊಮ್ಯಾಂಟಿಕ್ ಏನಿದೆ.

14 ಜನವರಿ, ಸಂಕ್ರಾಂತಿ

ಮದುವೆಯಾದ ಮೇಲೆ ಮೊದಲ ಸಂಕ್ರಾಂತಿ. ರೇಷ್ಮೆ ಸೀರೆ ಉಟ್ಟು ಬೀದಿಯ ಎಲ್ಲ ಮನೆಗೂ ಎಳ್ಳು ಬೀರಿದೆ. ಹರಿಗೆ ರಜ ಇಲ್ಲ. ಫೆಬ್ರವರಿ ಹದಿನಾಲ್ಕಕ್ಕೆ ಹಾಲೆಂಡಿನವರಿಗೆ ಪ್ರೀತಿ ಉಕ್ಕಬೇಕಲ್ಲ, ಅದಕ್ಕೆ ಇಲ್ಲಿ ನನ್ನ ಗಂಡ ಮನೆಗೆ ಬರುವ ಹಾಗಿಲ್ಲ.

23 ಜನವರಿ, ಶುಕ್ರವಾರ

ಬರೆಯದಿದ್ದರೆ ಯಾವುದಾದರೂ ಪಾತ್ರೆ ಎತ್ತಿ ಎಸೆದೇನು.

ಹರಿಗೆ ನೋಟೀಸ್ ಕೊಟ್ಟಿದ್ದಾರೆ. ‘ಸುಳ್ಳು ದಾಖಲೆ ಸೃಷ್ಟಿ.’ ಹಾಲೆಂಡಿನ ಖರೀದಿದಾರರು ನಮ್ಮ ಸಾಫ್ಟ್‌ವೇರಿನ ರಿಪೋರ್ಟ್ ನೋಡಿ ಮೇಲ್ ಹಾಕಿದ್ದಾರೆ — ಹೂ ಕೊಯ್ದದ್ದು ಹದಿನೈದರ ಸಂಜೆ ಐದಕ್ಕೆ, ಗಾಡಿ ಹೊರಟದ್ದು ಅದೇ ಹದಿನೈದರ 2:30 ಎ.ಎಂ.ಗೆ. ಕೊಯ್ಯುವ ಮೊದಲೇ ಹೂ ಹೊರಟಿದೆ. ಒಂದು ದಿನವಲ್ಲ, ಪ್ರತಿ ರಾತ್ರಿಯೂ ಹೀಗೆಯೇ. ಹಳೇ ಹೂ ಕಳಿಸಿ ತಾರೀಖು ತಿದ್ದುತ್ತಿದ್ದೀರಾ ಎಂದು ಕೇಳಿದ್ದಾರೆ. ಗೋಪಾಲಪ್ಪನವರು ಯೋಚನೆಯನ್ನೇ ಮಾಡದೆ ಚೀಟಿಯಲ್ಲಿ ಸಹಿ ಇರುವವನ ಕತ್ತು ಹಿಡಿದಿದ್ದಾರೆ, ಸೂಪರ್‌ವೈಸರನೇ ಸುಳ್ಳು ಬರೆದ ಎಂದು ಹಾಲೆಂಡಿಗೂ ಬರೆದಿದ್ದಾರೆ. 31ರೊಳಗೆ ಒಪ್ಪಿಕೊಂಡು ಬರೆದುಕೊಡಬೇಕು. ಇಲ್ಲವಾದರೆ ಕೆಲಸ ಹೋಯಿತು. ಅಲ್ಲಿಯವರೆಗೆ ಶೆಡ್ಡಿಗೆ ಕಾಲಿಡುವ ಹಾಗಿಲ್ಲ.

ನೋಟೀಸಿನ ಹಿಂದೆ ಒಂದು ಹಾಳೆ ಪಿನ್ ಮಾಡಿದ್ದಾರೆ. ಸಮಯದ ನಿಯಮ ಸ್ಪಷ್ಟವಾಗಿಯೇ ಕೊಟ್ಟಿತ್ತು ಎಂಬುದಕ್ಕೆ ಸಾಕ್ಷಿ.

ನನ್ನ ಪೇಜು. ನನ್ನ ಹೆಸರು, ಹೊಸ ಇನಿಷಿಯಲ್. ಆ ಇನಿಷಿಯಲ್ ಅವನದೇ.

ಆ ಪೇಜು ಶೆಡ್ಡಿನಲ್ಲಿ ಒಬ್ಬರಿಗೂ ಕೊಟ್ಟಿರಲಿಲ್ಲವಂತೆ. ಗೋಪಾಲಪ್ಪನವರ ಇಮೇಲಿನಲ್ಲೇ ಬಿದ್ದಿತ್ತು. ರಿಪೋರ್ಟ್ ಹಾಲೆಂಡಿಗೆ ಕಾಣುತ್ತದೆ, ನಿಯಮ ಸಾಸಲಿಗೆ ಕಾಣಬಾರದೇ?

ಹರಿಯನ್ನು ಕೇಳಿದೆ, ನಿಜ ಹೇಳಿ ಎಂದೆ. ಹಾಗೆ ಕೇಳಬಾರದಿತ್ತು. “ಗಾಡಿ ಹೊರಟ ಟೈಮ್ ನೋಡಿ ಬರ್ದಿದೀನಿ ಕಣೇ. ನೀನೂ ಸುಳ್ಳು ಅಂತೀಯಾ?” ಅಂದ.

27 ಜನವರಿ, ಮಂಗಳವಾರ. ಬೆಳಗ್ಗೆ 7

ಮೂರು ದಿನ ಬರೆಯಲಿಲ್ಲ. ಮನೆಯಲ್ಲಿ ಮೂರು ಜನ, ಮೂರು ದಿಕ್ಕು. ಆಸೆಪಟ್ಟಂತೆ ಗಂಡ ರಾತ್ರಿ ಹೊತ್ತು ಮನೆಯಲ್ಲಿದ್ದ. ಗೋಡೆ ಕಡೆ ತಿರುಗಿ.

ಆದರೆ ಈಗ ಗೊತ್ತಾಯಿತು. ಆದದ್ದು ಹೀಗೆ.

ಇಷ್ಟು ವರ್ಷದ ಅಭ್ಯಾಸ, ಹರಿಗೆ ಮೂರು ಗಂಟೆಗೆ ಎಚ್ಚರವಾಗುತ್ತದೆ, ಹಸಿವಾಗುತ್ತದೆ. ಎದ್ದು ಅಡುಗೆಮನೆಗೆ ಹೋದ. ಮುನಿಸು ಮುನಿಸಿನ ಜಾಗದಲ್ಲಿರಲಿ, ಬಡಿಸೋಣ ಎಂದು ನಾನೂ ಎದ್ದೆ. ಫ್ರಿಜ್ಜಿನಲ್ಲಿ ಭಾನುವಾರದ ನಾಟಿಕೋಳಿ ಸಾರು ಉಳಿದಿತ್ತು. ಅತ್ತೆ ಸೋಮವಾರ ಮನೆಯಲ್ಲಿ ಕೋಳಿ ಮುಟ್ಟಲು ಬಿಡುವುದಿಲ್ಲ. ಆದರೆ ಸೋಮವಾರ ಮುಗಿದಿತ್ತಲ್ಲ. ಪಾತ್ರೆ ತೆಗೆದೆ.

ನಡುಮನೆಯ ಚಾಪೆಯಿಂದ ಅತ್ತೆಯ ಧ್ವನಿ: “ಅದನ್ನ ಮುಟ್ಬೇಡ ಕಣವ್ವ. ಇನ್ನೂ ಸೋಮ್ವಾರ ಐತೆ.”

ಕಾಂತರಾಜು ಸರ್ ಕೊಟ್ಟ ಗಡಿಯಾರ ತೋರಿಸಿದೆ. ಮೂರು ಗಂಟೆ ಹತ್ತು ನಿಮಿಷ. ಮಂಗಳವಾರ ಬಂದಾಯಿತು ಅತ್ತೆ ಎಂದೆ.

“ಗಡಿಯಾರಕ್ಕೇನು ಗೊತ್ತು. ಕೋಳಿ ಕೂಗ್ಲಿ, ಬೆಳ್ಕಾಗ್ಲಿ. ಬೆಳಕಾಗ್ದಲೆ ಅದೆಂಗವ್ವ ಮಂಗ್ಳವಾರ ಆಗ್ತದೆ?”

ಹರಿ ಪಾತ್ರೆ ಒಳಗಿಟ್ಟ. ಅವನಿಗೆ ಅದರಲ್ಲಿ ವಿಚಿತ್ರವೇ ಕಾಣಲಿಲ್ಲ. ಪಾತ್ರೆಯ ಮುಚ್ಚಳ ನನ್ನ ಕೈಯಲ್ಲೇ ಇತ್ತು. ನಿಧಾನವಾಗಿ ಕೇಳಿದೆ — ಈಗ ಶೆಡ್ಡಿನಲ್ಲಿದ್ದು ಗಾಡಿ ಹೊರಟಿದ್ದರೆ ಚೀಟಿಯಲ್ಲಿ ಎಷ್ಟನೇ ತಾರೀಖು ಹಾಕುತ್ತಿದ್ದಿರಿ?

“ಇಪ್ಪತ್ತಾರು. ಸೋಮವಾರ ರಾತ್ರಿ ಲೋಡು ತಾನೇ.”

ಅಷ್ಟೇ. ಅಷ್ಟೇ ಇದ್ದದ್ದು. ಸಂಜೆ ಕೊಯ್ದ ಹೂ ಅದೇ ರಾತ್ರಿ ಹೊರಡುತ್ತದೆ, ರಾತ್ರಿ ಮುಗಿಯುವುದು ಬೆಳಕಾದಾಗ. ಅಲ್ಲಿಯವರೆಗೆ ತಾರೀಖು ಹೇಗೆ ಬದಲಾಗುತ್ತದೆ? ಈ ಮನೆಯಲ್ಲಿ, ಈ ಬೀದಿಯಲ್ಲಿ, ಆ ಶೆಡ್ಡಿನಲ್ಲಿ ಯಾರಿಗೂ ಬದಲಾಗುವುದಿಲ್ಲ. ನನ್ನ ಪೇಜಿನಲ್ಲಿ ಮಾತ್ರ ಬದಲಾಗುತ್ತದೆ.

ಅಡುಗೆಮನೆಯ ನೆಲದ ಮೇಲೆ ಕುಳಿತು ನಕ್ಕೆ. ಆಮೇಲೆ ಅಳು ಬಂತು. ಹರಿ ಗಾಬರಿಯಾಗಿ ನೀರು ಕೊಟ್ಟ. ಜನವರಿ ನಾಲ್ಕರ ಹೂವಿನ ವಿಚಾರ ಹೇಳಿ ಕ್ಷಮೆ ಕೇಳಿದೆ. ಯಾವ ಹೂ ಎಂದು ಕೇಳಿದ.

ಈಗ ಸಿಟ್ಟು ಬರುತ್ತಿದೆ. ಅಸಲಿ ಸಿಟ್ಟು. ಕ್ರಿಸ್ತಪೂರ್ವ 4713 ಒಪ್ಪುತ್ತಾರೆ, ಅನಂತ ಒಪ್ಪುತ್ತಾರೆ. ನನ್ನ ಗಂಡನ ಸೋಮವಾರ ರಾತ್ರಿ ಮಾತ್ರ ಸುಳ್ಳು.

28 ಜನವರಿ, ಬುಧವಾರ

ಕಾಂತರಾಜು ಸರ್ ಟೇಬಲ್ ಮುಂದೆ ನಿಂತೆ. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಡೇಟಾಬೇಸಿನಲ್ಲಿ ತಪ್ಪಿಲ್ಲವಲ್ಲ ಎಂದರು. ಫಾರ್ಮ್ಯಾಟ್ ಸರಿ ಇದ್ದರೆ ಅದು ತೆಗೆದುಕೊಳ್ಳುತ್ತದೆ. ತಪ್ಪು ಬರೆದವನದು, ಬೇಜಾರು ಮಾಡ್ಕೋಬೇಡ.

ಬೇಜಾರು ಮಾಡಿಕೊಳ್ಳಲಿಲ್ಲ. ಬ್ಯಾಗಿನಿಂದ ಮದುವೆ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟೆ, ಕನ್ನಡದ ಕಡೆ ಮೇಲೆ ಮಾಡಿ. ಅವರು ಅದನ್ನು ಓದಿಯೇ ಇರಲಿಲ್ಲ. ‘4ನೇ ತಾರೀಖು ಗುರುವಾರ ರಾತ್ರಿ 4-30ಕ್ಕೆ, ಬೆಳಗಾದರೆ ಶುಕ್ರವಾರ.’

ಸರ್ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಬೀಗ ಹಾಕಿದ ಛತ್ರ ಅವರ ಕಣ್ಣ ಮುಂದೆ ಬಂದದ್ದು ನನಗೂ ಕಾಣಿಸಿತು.

“ಬೆಳಗಾದರೆ ಅಂತ ಇಂಗ್ಲಿಷ್ ಕಡೆ ಹಾಕಿರ್ಲಿಲ್ಲ” ಅಂದರು.

“ಚೀಟಿಯಲ್ಲೂ ಹಾಕೋಕೆ ಜಾಗ ಇಲ್ಲ ಸರ್. ನೀವು ಗುರುವಾರ ಬಂದು ವಾಪಸ್ ಹೋದ್ರಿ. ನಮ್ಮಪ್ಪ ಸುಳ್ಳು ಕಾರ್ಡ್ ಹೊಡೆಸಿದ್ರು ಅಂತ ನೋಟೀಸ್ ಕೊಟ್ರಾ?”

ಇಷ್ಟು ಮಾತಾಡಿದ್ದು ನಾನೇನಾ ಅನ್ನಿಸಿತು. ಸರ್ ಕುರ್ಚಿ ಎಳೆದುಕೊಂಡರು. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರವರೆಗೆ ಹೊರಟ ಗಾಡಿಗಳಿಗೆಲ್ಲ ಒಂದು ದಿನ ಸೇರಿಸಿ ರಿಪೋರ್ಟ್ ತೆಗೆದರು. ಕೊಯ್ದು ಒಂಬತ್ತು ಗಂಟೆ ಬಿಟ್ಟು ಗಾಡಿ, ಒಂಬತ್ತೂವರೆ ಬಿಟ್ಟು ಗಾಡಿ... ಮೇಲಿನಿಂದ ಕೆಳಗಿನವರೆಗೆ ಒಂದು ಸಾಲೂ ಕೊಂಕಿಲ್ಲ. ಇಷ್ಟು ನೀಟಾದ ರೆಕಾರ್ಡ್ ಇಟ್ಟವನಿಗೆ ಸುಳ್ಳುಗಾರನ ಪಟ್ಟ.

ಪ್ರಿಂಟ್ ತೆಗೆದು, ನಾಡಿದ್ದು ಶೆಡ್ಡಿಗೆ ನಾನೂ ಬರ್ತೀನಿ ಎಂದರು. ಆಮೇಲೆ, ಯಾವ ದಿನ ಅಂತ ಸರಿಯಾಗಿ ಹೇಳು ಎಂದೂ ಸೇರಿಸಿದರು.

30 ಜನವರಿ, ಶುಕ್ರವಾರ. ರಾತ್ರಿ 9

ಶೆಡ್ಡಿನ ಆಫೀಸು. ಗೋಪಾಲಪ್ಪನವರು, ಕಾಂತರಾಜು ಸರ್, ಹರಿ, ನಾನು. ಬಾಗಿಲಲ್ಲಿ ಪಿಳ್ಳಣ್ಣ, ಏರ್‌ಪೋರ್ಟ್ ಗಾಡಿಯ ಡ್ರೈವರ್. ಅವನ ಹಿಂದೆ ಪ್ಯಾಕಿಂಗ್ ಹೆಂಗಸರು, ಕೈಯಲ್ಲಿ ರಬ್ಬರ್ ಬ್ಯಾಂಡ್ ಹಿಡಿದುಕೊಂಡೇ.

ಸರ್ ಪ್ರಿಂಟ್ ತೋರಿಸಿ ವಿವರಿಸಿದರು. ಗೋಪಾಲಪ್ಪನವರಿಗೆ ಅರ್ಥವಾಯಿತು, ಆದರೆ ಇಷ್ಟವಾಗಲಿಲ್ಲ. ಹನ್ನೆರಡಕ್ಕೆ ದಿನ ಬದಲಾಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು, ಸೂಪರ್‌ವೈಸರಿಗೆ ಗೊತ್ತಿಲ್ಲವೇ ಎಂದರು. ಪಿಳ್ಳಣ್ಣ ಬಾಗಿಲಿಂದಲೇ ಬಾಯಿ ಹಾಕಿದ: “ಹನ್ನೆರಡಕ್ಕೆ ಏನ್ ಬದಲಾಯ್ತದೆ ಸಾ? ಕತ್ಲೆ ಹಂಗೇ ಇರ್ತದೆ. ಟೀ ಅಂಗ್ಡಿಯೋನೂ ಅವ್ನೇ ಇರ್ತಾನೆ.”

ಹೆಂಗಸರು ಮುಸಿಮುಸಿ ನಕ್ಕರು. ಗೋಪಾಲಪ್ಪನವರು ನಗಲಿಲ್ಲ. ಹೋಗಲಿ, ‘ತಿಳಿಯದೆ ಸುಳ್ಳು ತಾರೀಖು ಬರೆದೆ, ಕ್ಷಮಿಸಿ’ ಎಂದು ಬರೆದು ಸಹಿ ಹಾಕಿಬಿಡು, ಕೆಲಸಕ್ಕೆ ಬಾ ಎಂದರು. ದೊಡ್ಡ ಉಪಕಾರ ಮಾಡುವವರ ಹಾಗೆ ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು.

ಹರಿ ಪೆನ್ನು ಮುಟ್ಟಲಿಲ್ಲ.

ಗೋಪಾಲಪ್ಪನವರ ಮುಖ ಕೆಂಪಾಯಿತು. “ಸೀಜನ್ ತಲೆ ಮೇಲೈತೆ ಕಣಯ್ಯ. ಸಹಿ ಹಾಕು ಮೊದ್ಲು. ಇವತ್ತು ರಾತ್ರಿ ಎರಡೂವರೆ ಗಾಡಿಗೆ ನೀನೇ ನಿಂತ್ಕೋಬೇಕು.”

ನನ್ನ ಬಾಯಿಂದ ತಾನಾಗಿಯೇ ಬಂತು: “ಎರಡೂವರೆ ಗಾಡಿ ಇವತ್ತಾ ಸರ್, ನಾಳೆನಾ?”

ಕಾಂತರಾಜು ಸರ್ ಪ್ರಿಂಟಿನ ಹಿಂದೆ ಮುಖ ಮುಚ್ಚಿಕೊಂಡರು. ಪಿಳ್ಳಣ್ಣನಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ಅವನ ನಗು ಕೋಲ್ಡ್ ರೂಮಿನವರೆಗೆ ಕೇಳಿಸಿರಬೇಕು.

ಗೋಪಾಲಪ್ಪನವರು ನೋಟೀಸ್ ತೆಗೆದು ಹರಿದರು. ಮುಗೀತಲ್ಲ, ಹೋಗಿ ಕೆಲಸ ನೋಡಿ ಎಂದರು. ನಾನು ಎದ್ದೆ. ಹರಿ ಏಳಲಿಲ್ಲ.

“ನೀವು ಹರಿದಿದ್ದು ನನ್ ಕಾಗದ ಸರ್. ಹಾಲೆಂಡಿಗೆ ಸುಳ್ಳುಗಾರ ಅಂತ ಬರ್ದಿದ್ದು ಅಲ್ಲೇ ಐತಲ್ಲ. ಅವರಿಗೂ ಬರೀರಿ, ನನಗೂ ಒಂದು ಕಾಗದ ಕೊಡಿ. ಆಮೇಲೆ ಲೋಡ್ ಹತ್ತಿಸ್ತೀನಿ.”

ಧ್ವನಿ ಏರಿಸಲೇ ಇಲ್ಲ. ಒಳಗೆ ಬಕೆಟುಗಳ ತುಂಬ ಹೂ. ಬಾಗಿಲಲ್ಲಿದ್ದ ಯಾರೂ ಕದಲಲಿಲ್ಲ. ಪಿಳ್ಳಣ್ಣ ಗಾಡಿಯ ಕೀಲಿಯನ್ನು ಮೇಜಿನ ತುದಿಯಲ್ಲಿಟ್ಟು ಕೈಕಟ್ಟಿ ನಿಂತ.

ಗೋಪಾಲಪ್ಪನವರು ಟೈಪ್ ಮಾಡಿದರು. ಎರಡು ಬೆರಳಲ್ಲಿ, ಒಂದೊಂದು ಅಕ್ಷರವನ್ನೂ ಗುದ್ದಿ. ದಾಖಲೆ ಸುಳ್ಳಲ್ಲ, ಆರೋಪ ಹಿಂಪಡೆಯಲಾಗಿದೆ. ಮೇಲ್ ಹೋಯಿತು, ಕಾಗದ ಬಂತು. ‘ವಿಷಾದ’ ಎಂಬ ಪದ ಎಲ್ಲೂ ಇಲ್ಲ. ನಾನು ಹುಡುಕಿದೆ, ಎರಡು ಸಲ. ಒಂದು ವಾರ ನನ್ನ ಗಂಡ ಗೋಡೆ ನೋಡಿಕೊಂಡು ಮಲಗಿದ್ದಕ್ಕೆ ಒಂದು ಪದವೂ ಇಲ್ಲ.

ಹರಿ ಡ್ಯೂಟಿಯಲ್ಲಿದ್ದಾನೆ. ಅತ್ತೆ ಕಾಗದವನ್ನು ದೇವರ ಮನೆಯಲ್ಲಿಟ್ಟಿದ್ದಾರೆ, ಕುಂಕುಮ ಹಚ್ಚಿ.

3 ಫೆಬ್ರವರಿ, ಮಂಗಳವಾರ

ಪೇಜು ತಿದ್ದಿದೆ. ಅರ್ಧ ಪುಟ ಬರೆದಿದ್ದೆ — ರಾತ್ರಿ ಎಂದರೇನು, ಬೆಳಗು ಎಂದರೇನು, ಅತ್ತೆಯ ಕೋಳಿ ಸಾರಿನ ಸಮೇತ. ಕಾಂತರಾಜು ಸರ್ ಕೋಳಿ ಹೊಡೆದುಹಾಕಿದರು. ಮ್ಯಾನುಯಲ್ಲಿನಲ್ಲಿ ಸಾರು ಬೇಡಮ್ಮ ಎಂದರು. ಏಕೆ ಬೇಡ? ಕೋಳಿ ಸಾರಿಲ್ಲದೆ ಯಾರಿಗೆ ಅರ್ಥವಾಗುತ್ತದೆ?

ಆದರೆ ಸ್ಕ್ರೀನಿನಲ್ಲಿ ತುಂಬಲು ಹೊಸದೊಂದು ಜಾಗ ಮಾಡಿಸಿದ್ದಾರೆ, ಕನ್ನಡದಲ್ಲಿಯೇ: ‘ಯಾವ ದಿನದ ರಾತ್ರಿ?’ ಸಂಜೆಯ ತಾರೀಖು ಹಾಕಿದರೆ ಸಾಕು, ಮಿಕ್ಕಿದ್ದನ್ನು ಅದೇ ಲೆಕ್ಕ ಹಾಕುತ್ತದೆ. ಪೇಜನ್ನು ಕನ್ನಡ ಮಾಡಿ ಶೆಡ್ಡಿನ ಗೋಡೆಗೆ ಅಂಟಿಸಬೇಕು ಎಂದೆ. ಒಪ್ಪಿದರು.

ನನ್ನ ಹೆಸರು ಹಾಕಿದ್ದೇನೆ. ಇನಿಷಿಯಲ್ ಸಹಿತ.

4 ಫೆಬ್ರವರಿ, ಬುಧವಾರ ರಾತ್ರಿ 4.35. ಬೆಳಗಾದರೆ ಗುರುವಾರ

ಹೌದು, ಹೀಗೆಯೇ ಬರೆಯುವುದು. ನನ್ನ ಡೈರಿ, ನನ್ನ ಫಾರ್ಮ್ಯಾಟ್.

ಅಲಾರಂ ಇಟ್ಟು ಎದ್ದೆ. ಎರಡು ತಿಂಗಳು. ಅವನ ಲೆಕ್ಕಕ್ಕೆ ಇವತ್ತು ನಾಲ್ಕು, ನನ್ನ ಲೆಕ್ಕಕ್ಕೆ ಐದು. ರಾತ್ರಿ ಮಲಗುವಾಗ ಹೊಳೆಯಿತು — ಈ ಒಂದು ಹೊತ್ತಿನಲ್ಲಿ, ಧಾರೆ ಎರೆದ ಈ ಹೊತ್ತಿನಲ್ಲಿ ಮಾತ್ರ, ಇಬ್ಬರದೂ ಸರಿ. ಆರು ಗಂಟೆಯಾದರೆ ಮತ್ತೆ ಜಗಳ.

ಪಿಳ್ಳಣ್ಣನ ಗಾಡಿ ಬೇಗ ಕಳಿಸಿ ಬರುತ್ತೇನೆ ಎಂದಿದ್ದ. ಕಾಫಿಗೆ ನೀರಿಟ್ಟಿದ್ದೇನೆ. ಅತ್ತೆಗೆ ಎಚ್ಚರವಿದೆ, ಇಲ್ಲದ ಹಾಗೆ ಮಲಗಿದ್ದಾರೆ. ದೊಡ್ಡ ಮನಸ್ಸು.

ಗೋಪಾಲಪ್ಪನವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಆ ಕಾಗದದಲ್ಲಿ ‘ವಿಷಾದ’ ಎಂದು ಒಂದೇ ಒಂದು ಪದ ಹಾಕಿದ್ದರೆ ಅವರ ಗಂಟು ಏನು

ಬೈಕ್. ಮೂಲೆ ತಿರುಗಿತು. ಏನೋ ಕೆಂಪಗೆ ಹಿಡಿದುಕೊಂಡು